ಯಜಮಾನ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆಯಲ್ಲಿ ಹೊತ್ತು ಮೂಡಿ ಮುಳುಗುವುದರೊಳಗೆ ಹಲವು ಸಲ ಕಿವಿಗೆ ಬೀಳುವ ಪದಗಳಲ್ಲಿ ‘ಯಜಮಾನ’ ಎಂಬುದೊಂದು. ಗಂಡನ ಹೆಸರು ಹೇಳಲೊಲ್ಲದ ಗೃಹಿಣಿ ‘ನಮ್ಮ ಯಜಮಾನ್ರು’ ಎನ್ನುವಳು. ಕಾಯಿ ಸುಲಿಯುವ ಆಳು ತೋಟದ ಒಡೆಯನನ್ನು ಹಾಗೆಯೇ ಕರೆಯುವನು. ಅರಳಿಕಟ್ಟೆಯ ಮೇಲೆ ಕುಳಿತು ನ್ಯಾಯ ಹೇಳುವ ಹಿರಿಯನಿಗೂ ಅದೇ ಹೆಸರು. ಬಸ್ಸಿನಲ್ಲಿ ಪರಿಚಯವಿಲ್ಲದ ವೃದ್ಧನಿಗೆ ‘ಯಜಮಾನ್ರೇ, ವಸಿ ಜರುಗಿ’ ಎನ್ನುವ ತರುಣನಿಗೂ ಬೇರೆ ಸಂಬೋಧನೆ ಹೊಳೆಯದು.

ಆದರೆ ‘ಯಜ್’ ಧಾತುವಿನಿಂದ ಹುಟ್ಟಿದ ಈ ಪದಕ್ಕೆ ಮೂಲದಲ್ಲಿ ಒಡೆತನದ ಅರ್ಥವಿರಲಿಲ್ಲ. ಋತ್ವಿಜರು ಪರಾರ್ಥವಾಗಿ ಯಾಗ ನಡೆಸುವಾಗ ಪರಸ್ಮೈಪದದ ‘ಯಜತಿ’ಯನ್ನೂ, ಆ ಯಾಗದ ಫಲ ಯಾರಿಗೆ ಸಲ್ಲತಕ್ಕದ್ದೋ ಅವನ ವಿಷಯದಲ್ಲಿ ಆತ್ಮನೇಪದದ ‘ಯಜತೇ’ಯನ್ನೂ ವೈಯಾಕರಣರು ವಿಧಿಸಿದರು, ಎರಡನೆಯದರ ಕೃದಂತರೂಪವೇ ‘ಯಜಮಾನ’. ದ್ರವ್ಯ ಅವನದು, ದಕ್ಷಿಣೆಯ ಭಾರ ಅವನದು, ಫಲವೂ ಅವನದೇ. ಆದರೂ ಆಹುತಿ ಅಗ್ನಿಗೆ ಬಿದ್ದಾಗಲೆಲ್ಲ ‘ಇದು ನನ್ನದಲ್ಲ’ ಎಂಬ ತ್ಯಾಗವಚನವನ್ನು ನುಡಿಯಬೇಕಾದವನೂ ಅವನೇ. ‘ನನ್ನದಲ್ಲ’ ಎನ್ನತಕ್ಕವನ ಹೆಸರು ಕನ್ನಡಕ್ಕೆ ಬಂದು ‘ಎಲ್ಲವೂ ನನ್ನದು’ ಎನ್ನಬಲ್ಲವನ ಹೆಸರಾಗಿ ನಿಂತದ್ದು ವಿಚಿತ್ರವೇ ಸರಿ.

ಎರಡು ಅರ್ಥಗಳೂ ಒಬ್ಬರಲ್ಲೇ ಕೂಡಿದ್ದನ್ನು ನಾನು ಕಂಡದ್ದು ತೊಂಬತ್ತನ್ನು ದಾಟಿ ಬಾಳಿದ ನಮ್ಮ ತಾತನವರಲ್ಲಿ. ಬಲಿತ ಕಾಯಿಯನ್ನು ಅಟ್ಟಕ್ಕೇರಿಸಿ, ಒಳಗಿನ ನೀರು ಇಂಗಿ, ತಿರುಳು ಕರಟವನ್ನು ಬಿಟ್ಟು, ಅಲುಗಿಸಿದರೆ ಸದ್ದಾಗುವವರೆಗೆ ಹತ್ತು ಹನ್ನೊಂದು ತಿಂಗಳು ಕಾಯಬೇಕಾದ ಉಂಡೆಕೊಬ್ಬರಿಯ ಸೀಮೆಯಲ್ಲಿ ಮನೆಯ ಸಂಪತ್ತೆಲ್ಲ ಅಟ್ಟದಲ್ಲಿಯೇ ಇರುವುದರಿಂದ, ಅದರ ಬೀಗದಕೈ ಯಾರ ಉಡಿದಾರದಲ್ಲಿದೆಯೋ ಅವರೇ ಯಜಮಾನರು. ಎಂಬತ್ತು ತುಂಬುವವರೆಗೂ ತಾತನವರು ಅದನ್ನು ಯಾರ ಕೈಗೂ ಕೊಡಲಿಲ್ಲ. ಮಾತು ಒರಟು, ಕೈ ಬಿಗಿ ಎಂದು ಹೆತ್ತ ಮಕ್ಕಳೇ ಗೊಣಗುತ್ತಿದ್ದರು. ಆದರೆ ತಿಪಟೂರಿನ ಮಾರುಕಟ್ಟೆಯಲ್ಲಿ ಕೊಬ್ಬರಿ ಹರಾಜಾಗಿ ಹಣ ಕೈಸೇರಿದ ಕೂಡಲೇ ಅವರು ತೀರಿಸುತ್ತಿದ್ದುದು ಕಾಯಿ ಕೆಡವಿದವರ, ಸುಲಿದವರ ಕೂಲಿಯನ್ನು. ಅನಂತರ ಹಾಸ್ಟೆಲಿನಲ್ಲಿದ್ದ ಮೊಮ್ಮಕ್ಕಳ ಶುಲ್ಕ, ಕೊಟ್ಟ ಮನೆಗೆ ಹೋದ ಹೆಣ್ಣುಮಕ್ಕಳಿಗೆ ಗೌರಿಹಬ್ಬದ ಬಾಗಿನ. ಹಣವುಳಿದರೆ ತಮಗೊಂದು ಪಂಚೆ. ಕಡೆಗೊಂದು ದಿನ ಯಾರೂ ಕೇಳದೆಯೇ ಬೀಗದಕೈಯನ್ನು ಹಿರಿಯ ಸೊಸೆಗೆ ಒಪ್ಪಿಸಿದರು. ವ್ಯಾಪಾರಿ ಬಂದು ‘ಯಜಮಾನ್ರೇ, ಕೊಬ್ರಿ ಯಾವಾಗ ಕೊಡ್ತೀರಿ?’ ಎಂದರೆ, ‘ನನ್ನೇನು ಕೇಳ್ತೀಯಪ್ಪ, ಅಮ್ಮನ್ನ ಕೇಳು’ ಎಂದು ಎಲೆಯಡಿಕೆಯ ಚೀಲ ಬಿಚ್ಚಿ ಕುಳಿತುಬಿಡುತ್ತಿದ್ದರು. ತ್ಯಾಗವಚನವನ್ನು ಅವರು ತಮ್ಮ ಸೀಮೆಯ ಕನ್ನಡದಲ್ಲಿ ನುಡಿದದ್ದು ಹೀಗೆ. ಪತ್ನಿಯಿಲ್ಲದೆ ಯಾಗದ ಅಧಿಕಾರವಿಲ್ಲವೆಂದು ಶಾಸ್ತ್ರ ಹೇಳಿದ್ದರೂ ಯಜಮಾನಿಕೆಯ ಮಾತು ಬಂದಾಗ ಹಿಂದೆ ಸರಿಯುತ್ತಿದ್ದ ‘ಯಜಮಾನಿ’ಯನ್ನು 2023ರಲ್ಲಿ ರಾಜ್ಯ ಸರ್ಕಾರದ ಗೃಹಲಕ್ಷ್ಮಿ ಯೋಜನೆ ತಿಂಗಳಿಗೆ 2,000 ರೂಪಾಯಿಯೊಡನೆ ಕಡತಕ್ಕೇರಿಸಿತು, ನಮ್ಮ ಮನೆಯ ಅಟ್ಟಕ್ಕೆ ಆಕೆ ಅದಕ್ಕೂ ಮೊದಲೇ ಏರಿದ್ದಳು.

ಸ್ವಂತ ಸಂಸಾರವೇ ಇಲ್ಲದ ಯಜಮಾನರೊಬ್ಬರು ಇದೇ ತುಮಕೂರು ಜಿಲ್ಲೆಯಲ್ಲಿದ್ದರು. 1907ರ ಏಪ್ರಿಲ್ 1ರಂದು ಮಾಗಡಿ ಸೀಮೆಯ ವೀರಾಪುರದಲ್ಲಿ ಜನಿಸಿ, 1930ರಲ್ಲಿ ಸನ್ಯಾಸ ಸ್ವೀಕರಿಸಿ, 1941ರಲ್ಲಿ ಸಿದ್ಧಗಂಗಾ ಮಠದ ಹೊಣೆ ಹೊತ್ತ ಶಿವಕುಮಾರ ಸ್ವಾಮಿಗಳನ್ನು ಜನ ‘ಬುದ್ಧಿ’ ಎಂದು ಕರೆದರೇ ಹೊರತು ಯಜಮಾನರೆನ್ನಲಿಲ್ಲ. ಆದರೆ ಜಾತಿಯನ್ನೆಣಿಸದೆ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯಗಳನ್ನಿತ್ತ ಅವರಿಗಿಂತ ಆ ಪದದ ಮೂಲಾರ್ಥಕ್ಕೆ ಸಲ್ಲತಕ್ಕವರಾರು? 111 ವರ್ಷ ಬಾಳಿ, 2019ರ ಜನವರಿ 21ರಂದು ಅವರು ಲಿಂಗೈಕ್ಯರಾದಾಗ, ಅವರ ಅಪೇಕ್ಷೆಯಂತೆ ಮಠದವರು ಆ ವಾರ್ತೆಯನ್ನು ಪ್ರಕಟಿಸಿದ್ದು ಮಕ್ಕಳ ಮಧ್ಯಾಹ್ನದ ಊಟ ಮುಗಿದ ಮೇಲೆ.

ನಿಘಂಟುಕಾರರಲ್ಲಿ ನನ್ನದೊಂದು ವಿಜ್ಞಾಪನೆ: ‘ಯಜಮಾನ’ಕ್ಕೆ ಒಡೆಯ, ಗಂಡ, ಮುಖ್ಯಸ್ಥ ಎಂಬ ಅರ್ಥಗಳನ್ನು ಅವಶ್ಯವಾಗಿ ಕೊಡಿರಿ, ಅವುಗಳಿಗಿಂತ ಮೊದಲು ‘ವೆಚ್ಚವನ್ನು ಹೊರತಕ್ಕವನು’ ಎಂದು ಬರೆಯಿರಿ.