ಐದು ಕೆಜಿ ಅಕ್ಕಿ ಬದಲು 170 ರೂಪಾಯಿ

ಭದ್ರಾ ಕಾಲುವೆ ನೀರಲ್ಲಿ ಭತ್ತ ಬೆಳೆಯೋ ಜಿಲ್ಲೆ ನಮ್ಮದು. ಹರಿಹರ, ಮಲೇಬೆನ್ನೂರು ಕಡೆ ಹೋದರೆ ಗದ್ದೆ, ರೈಸ್ ಮಿಲ್ಲು. ಹೀಗಿದ್ದೂ 2023ರ ಜುಲೈಯಲ್ಲಿ ದಾವಣಗೆರೆ ಎಸ್.ಎಸ್. ಬಡಾವಣೆಯಿಂದ ಹಿಡಿದು ನಮ್ಮ ಹಳ್ಳಿಗಳವರೆಗೆ ರೇಷನ್ ಅಂಗಡಿಗೆ ಹೆಚ್ಚುವರಿ ಅಕ್ಕಿ ಬರಲೇ ಇಲ್ಲ.

2013ರಲ್ಲಿ ಅನ್ನಭಾಗ್ಯ ಶುರುವಾದಾಗ ಅಕ್ಕಿ ಕೆಜಿಗೆ 1 ರೂಪಾಯಿ. ಹತ್ತು ವರ್ಷದ ಮೇಲೆ ಸಿದ್ದರಾಮಯ್ಯ ಸರ್ಕಾರ, ಕೇಂದ್ರದ 5 ಕೆಜಿ ಧಾನ್ಯದ ಜೊತೆ ಇನ್ನೂ 5 ಕೆಜಿ ಅಕ್ಕಿ ಕೊಡ್ತೀವಿ ಅಂತು. ಆದರೆ ಜೂನ್‌ನಲ್ಲೇ ಕೇಂದ್ರ, ಭಾರತೀಯ ಆಹಾರ ನಿಗಮದಿಂದ ರಾಜ್ಯಗಳಿಗೆ ಅಕ್ಕಿ ಮಾರೋದನ್ನು ನಿಲ್ಲಿಸಿತ್ತು. ಬೇರೆ ರಾಜ್ಯಗಳನ್ನು ಕೇಳಿದರೂ ಬೇಕಾದಷ್ಟು ಸಿಗಲಿಲ್ಲ. ಕೊನೆಗೆ ನಿಗಮದ ದರ ಕೆಜಿಗೆ 34 ರೂಪಾಯಿ ಲೆಕ್ಕ ಹಿಡಿದು, ತಲೆಗೆ 170 ರೂಪಾಯಿಯಂತೆ ಖಾತೆಗೆ ಹಾಕಿದರು.

ಲೆಕ್ಕ ತಪ್ಪಿದ್ದು ಇಲ್ಲೇ. ಕಿರಾಣಿ ಅಂಗಡಿಯವರು 34ಕ್ಕೆ ಕೊಡಬೇಕಲ್ಲ? ಒಳ್ಳೆ ಸೋನಾ ಮಸೂರಿ ಆಗ 50 ದಾಟಿತ್ತು. ನಾಲ್ಕು ಜನರ ಮನೆಗೆ ಬಂದ 680 ರೂಪಾಯಿಗೆ 20 ಕೆಜಿ ಆಗಬೇಕಿತ್ತು. 50ರ ದರದಲ್ಲಿ ಚೀಲಕ್ಕೆ ಬೀಳೋದು ಹದಿಮೂರೂವರೆ. ದುಡ್ಡಾದರೆ ಬೇಳೆ, ಎಣ್ಣೆನೂ ತರಬಹುದು ಅಂದವರಿದ್ದರು, ಸುಳ್ಳಲ್ಲ. ಆದರೆ ಟೊಮೆಟೊನೇ 100 ದಾಟಿದ್ದ ತಿಂಗಳದು, ನೆನಪಿದೆಯಾ? ಆಧಾರ್ ಜೋಡಣೆ ಆಗದ ಖಾತೆಯವರಿಗಂತೂ ಅದೂ ಇಲ್ಲ.

ನಿಗಮ ದರವನ್ನು 22.50ಕ್ಕೆ ಇಳಿಸಿದ ಮೇಲೆ, 2025ರಲ್ಲಿ ದುಡ್ಡು ನಿಂತು ಅಕ್ಕಿಯೇ ಬಂತು.