ರೊಟ್ಟಿಯಿಲ್ಲದ ಹನ್ನೊಂದು ತಿಂಗಳು

ಸರಸ್ವತಿ ನಗರದಿಂದ ಯಾರಾದರೂ ಉಮ್ರಾಕ್ಕೆ ಹೊರಟರೆ, ಇಹ್ರಾಮ್ ಬಟ್ಟೆಯ ಪಕ್ಕದಲ್ಲೇ ಉಪ್ಪಿನಕಾಯಿ, ಚಟ್ನಿಪುಡಿ, ಖಡಕ್ ರೊಟ್ಟಿಯ ಡಬ್ಬಿಗಳೂ ಬ್ಯಾಗು ಸೇರುತ್ತವೆ. ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಮರಳಿ ಬಂದ ಮೇಲೆ ಹರಮ್‌ನ ಮಾತಿನ ಜೊತೆಗೆ "ಅಲ್ಲಿಯ ಊಟ ಮಾತ್ರ ಬಾಯಿಗಿಡೋ ಹಾಗಿರಲಿಲ್ಲ" ಎಂಬ ಮಾತನ್ನೂ ನಾವು ಆಡಿಬಿಡುತ್ತೇವೆ. ಪಕ್ಕದಲ್ಲಿ ಕೂತ ಮಕ್ಕಳು ಅದನ್ನೂ ಕಲಿಯುತ್ತಾರೆ. ಪರವೂರಿನ ಊಟವನ್ನು ಹೇಗೆ ನೋಡಬೇಕೆಂಬುದನ್ನು, ನಮ್ಮದೇ ಕರಾವಳಿಗೆ ಬಂದು ಹೋದ ಒಬ್ಬ ಪ್ರವಾಸಿಯಿಂದ ನಾವು ಕಲಿಯಬಹುದು.

ಆ ಪ್ರವಾಸಿ ಇಬ್ನ್ ಬತೂತಾ. 1304ರಲ್ಲಿ ಮೊರಾಕ್ಕೊದ ತಾಂಜಿಯರ್‌ನಲ್ಲಿ ಹುಟ್ಟಿದವರು. 1325ರಲ್ಲಿ ಹಜ್‌ಗೆಂದು ಮನೆ ಬಿಟ್ಟು, ದೇಶ ದೇಶ ಸುತ್ತಿ, 1333ರಲ್ಲಿ ಸಿಂಧೂ ನದಿಯ ಬಳಿ ಬಂದರು. ದಿಲ್ಲಿಯಲ್ಲಿ ಖಾಝಿಯಾದರು. 1342ರಲ್ಲಿ ಸುಲ್ತಾನ್ ಮುಹಮ್ಮದ್ ಬಿನ್ ತುಘ್ಲಕ್ ಅವರನ್ನು ಚೀನಾಕ್ಕೆ ರಾಯಭಾರಿಯಾಗಿ ಕಳುಹಿಸಿದ. ಗುಜರಾತಿನ ಕಡೆಯಿಂದ ಹಡಗು ಹತ್ತಿದ ಅವರು ಗೋವಾ ದಾಟಿ ಹೊನ್ನಾವರಕ್ಕೆ ಬಂದರು. ದಾವಣಗೆರೆಯಿಂದ ಶಿವಮೊಗ್ಗ, ಸಾಗರ ದಾಟಿ ಘಟ್ಟ ಇಳಿದರೆ ಸಿಗುವ, ಶರಾವತಿ ಸಮುದ್ರ ಸೇರುವ ಆ ಹೊನ್ನಾವರವೇ. ಅಲ್ಲಿ ಆಗ ಸುಲ್ತಾನ್ ಜಮಾಲುದ್ದೀನ್ ಆಳುತ್ತಿದ್ದರು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ಕಂಡುದಾಗಿಯೂ, ಅಲ್ಲಿಯ ಮಹಿಳೆಯರು ಕುರ್‌ಆನ್ ಕಂಠಪಾಠ ಮಾಡಿದ್ದರೆಂದೂ ಇಬ್ನ್ ಬತೂತಾ ಹೇಳುತ್ತಾರೆ.

ಸುಲ್ತಾನರ ಮನೆಯ ಊಟವನ್ನು ಅವರು ಒಂದೊಂದಾಗಿ ವಿವರಿಸಿದ್ದಾರೆ. ತಾಮ್ರದ ದೊಡ್ಡ ತಟ್ಟೆ ಬರುತ್ತಿತ್ತು. ಸೌಟಿನಲ್ಲಿ ಒಂದು ಸಲಕ್ಕೆ ಬೇಕಾದಷ್ಟು ಅನ್ನ ಬಡಿಸಿ, ಮೇಲೆ ತುಪ್ಪ ಹಾಕುತ್ತಿದ್ದರು. ಪಕ್ಕದಲ್ಲಿ ಹಸಿ ಕಾಳುಮೆಣಸಿನ ಗೊಂಚಲು, ಹಸಿಶುಂಠಿ, ನಿಂಬೆ, ಮಾವಿನ ಉಪ್ಪಿನಕಾಯಿ. ಒಂದು ತುತ್ತು ಅನ್ನ, ಅದರ ಹಿಂದೆ ಒಂದಿಷ್ಟು ಉಪ್ಪಿನಕಾಯಿ. ಆಮೇಲೆ ಮತ್ತೆ ಅನ್ನ, ಕೋಳಿ; ಮತ್ತೆ ಅನ್ನ, ಮೀನು; ತುಪ್ಪ ಹಾಲಿನಲ್ಲಿ ಬೇಯಿಸಿದ ತರಕಾರಿ. ಕೊನೆಗೆ ಮೊಸರು. ಅದು ಬಂತೆಂದರೆ ಮುಂದೆ ಬಡಿಸುವುದೇನೂ ಇಲ್ಲವೆಂದು ತಿಳಿಯಬೇಕು ಎನ್ನುತ್ತಾರೆ. ಊಟವನ್ನು ಮೊಸರು, ಮಜ್ಜಿಗೆಯಲ್ಲಿ ಮುಗಿಸುವುದನ್ನು ಇಂದಿಗೂ ಕಾಣುವ ನಮಗೆ ಈ ಮಾತು ಓದಿದರೆ ನಗು ಬರುತ್ತದೆ.

ರೊಟ್ಟಿ ತಿಂದು ಬೆಳೆದವರಿಗೆ ಈ ಊಟ ಸುಲಭವಾಗಿರಲಿಲ್ಲ. ಆ ಸುಲ್ತಾನರ ಬಳಿ ಒಮ್ಮೆ 11 ತಿಂಗಳು ಇದ್ದಾಗ ರೊಟ್ಟಿಯ ಮುಖವನ್ನೇ ಕಾಣಲಿಲ್ಲವಂತೆ. ಮುಂದೆ ಮಾಲ್ದೀವ್ಸ್, ಸಿಲೋನ್‌ಗಳಲ್ಲೂ ಅನ್ನವೇ. ಕೊನೆಗೆ ನೀರು ಕುಡಿದು ಅನ್ನ ನುಂಗುವ ಸ್ಥಿತಿ ಬಂತೆಂದು ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ. ಕಷ್ಟವಾಯಿತು ಎಂದರು, ಆ ಊಟವನ್ನು ಹೀಗಳೆಯಲಿಲ್ಲ.

ಬದಲಿಗೆ ಆ ನೆಲದ ಬೆಳೆಗಳನ್ನು ಕಣ್ಣುಬಿಟ್ಟು ನೋಡಿದರು. ಹಲಸು ಮರದ ಬೊಡ್ಡೆಯಲ್ಲೇ ಬಿಡುವುದನ್ನು ಕಂಡು ಬೆರಗಾಗಿ, ಹಿಂದೂಸ್ತಾನದ ಉತ್ತಮ ಹಣ್ಣೆಂದು ಹೊಗಳಿದರು. ಕಾಳುಮೆಣಸಿನ ಬಳ್ಳಿ ದ್ರಾಕ್ಷಿಬಳ್ಳಿಯ ಹಾಗಿದೆ, ಅದನ್ನು ತೆಂಗಿನ ಮರಕ್ಕೆ ಹಬ್ಬಿಸುತ್ತಾರೆ ಎಂದು ಬರೆಸಿದರು. ಮೆಣಸನ್ನು ಬೆಂಕಿಯಲ್ಲಿ ಹುರಿಯುವುದರಿಂದ ಅದು ಸುಕ್ಕುಗಟ್ಟುತ್ತದೆ ಎಂದು ಅವರ ನಾಡಿನ ಜನ ನಂಬಿದ್ದರು. ಹಾಗಲ್ಲ, ಒಣದ್ರಾಕ್ಷಿ ಮಾಡುವಂತೆ ಚಾಪೆಯ ಮೇಲೆ ಬಿಸಿಲಿಗೆ ಒಣಗಿಸುತ್ತಾರೆ ಎಂದು 1355ರಲ್ಲಿ ಫೆಝ್ ನಗರದಲ್ಲಿ ಕೂತು ಹೇಳಿ ಬರೆಸಿದರು. ನೋಡಿ ಬಂದವರ ಒಂದು ಮಾತಿನಿಂದ ಊರಿನ ಜನರ ತಪ್ಪು ತಿಳಿವಳಿಕೆ ತಿದ್ದಿತು.

ಎಡವಲಿಲ್ಲವೆಂದಲ್ಲ. ಮುಂದೆ ಆಫ್ರಿಕಾದ ಮಾಲಿ ದೇಶದ ದೊರೆ ಕಳುಹಿಸಿದ ಆತಿಥ್ಯವೆಂದರೆ ಮೂರು ರೊಟ್ಟಿ, ಒಂದು ತುಂಡು ಮಾಂಸ, ಒಂದು ಬುರುಡೆ ಮೊಸರು ಎಂದು ಕಂಡಾಗ ಅವರು ನಕ್ಕುಬಿಟ್ಟರು. ಅದನ್ನೂ ಅವರೇ ಹೇಳಿದ್ದಾರೆ. ಅಷ್ಟು ಲೋಕ ಕಂಡವರಿಗೂ ಊಟದ ಮುಂದೆ ವಿನಯ ಕಷ್ಟವಾಗಿದ್ದರೆ, ನಾವು ಇನ್ನೆಷ್ಟು ಎಚ್ಚರವಿರಬೇಕು!

ಪ್ರವಾದಿ(ಸ)ಯವರು ಯಾವ ಊಟವನ್ನೂ ಎಂದೂ ಜರೆದವರಲ್ಲ. ಇಷ್ಟವಾದರೆ ತಿನ್ನುತ್ತಿದ್ದರು, ಇಲ್ಲವಾದರೆ ಬಿಡುತ್ತಿದ್ದರು ಎಂದು ಬುಖಾರಿ, ಮುಸ್ಲಿಮ್ ಹದೀಸ್‌ಗಳಲ್ಲಿದೆ. ಒಮ್ಮೆ ಮರುಭೂಮಿಯ ಉಡದಂಥ ಪ್ರಾಣಿಯ ಮಾಂಸವನ್ನು ಮುಂದಿಟ್ಟಾಗ ಅವರು ಕೈ ಹಿಂತೆಗೆದರು. ಹರಾಮೇ ಎಂದು ಖಾಲಿದ್ ಬಿನ್ ವಲೀದ್(ರ) ಕೇಳಿದಾಗ, ಅಲ್ಲ, ತಮ್ಮವರ ನಾಡಿನಲ್ಲಿ ಅದಿಲ್ಲ, ಆದ್ದರಿಂದ ಮನಸ್ಸು ಒಪ್ಪುತ್ತಿಲ್ಲ ಎಂದರು. ಖಾಲಿದ್(ರ) ಅವರ ಎದುರಲ್ಲೇ ತಿಂದರು. ಇದರ ಫಿಕ್ಹ್ ಚರ್ಚೆಯನ್ನು ಉಲಮಾಗಳಿಗೆ ಬಿಡೋಣ. ನಮಗಿಲ್ಲಿ ಬೇಕಾದದ್ದು ಆ ನಡತೆ. ಹಲಾಲ್ ಹರಾಮ್‌ನ ಗೆರೆ ಅಲ್ಲಾಹನದು, ಅದರಲ್ಲಿ ಸಡಿಲಿಕೆಯಿಲ್ಲ. ರುಚಿ ಮಾತ್ರ ಅಭ್ಯಾಸದ ಮಾತು. ನಮ್ಮ ಅಭ್ಯಾಸವನ್ನು ಇನ್ನೊಬ್ಬರ ಅನ್ನದ ಮೇಲೆ ತೀರ್ಪಾಗಿ ಹೇರಬಾರದು.

ಇನ್ನೊಂದು ಮಾತು. ಹೊನ್ನಾವರದ ಆ ತಟ್ಟೆಯಲ್ಲಿ ಮೆಣಸಿನಕಾಯಿ ಇರಲಿಲ್ಲ. ಅದು ಅಮೆರಿಕದ ಬೆಳೆ, ಪೋರ್ಚುಗೀಸರ ಹಡಗುಗಳು ಬಂದ ಮೇಲೆ ನಮ್ಮ ನಾಡಿಗೆ ಬಂದದ್ದು. ನಮ್ಮ ಹಿರಿಯರು ಅದಕ್ಕೆ ತಮ್ಮ ಹಳೆಯ ಮೆಣಸಿನ ಹೆಸರನ್ನೇ ಕೊಟ್ಟು ಮೆಣಸಿನಕಾಯಿ ಎಂದರು. ದಾವಣಗೆರೆಯ ಮಂಡಕ್ಕಿ ಮೆಣಸಿನಕಾಯಿಯನ್ನು ಪರದೇಶದ್ದೆಂದು ಇಂದು ಯಾರು ಹೇಳುತ್ತಾರೆ? ಕಾಫಿಯೂ ಹಾಗೆಯೇ. ಹಜ್ ಮುಗಿಸಿ ಬರುವಾಗ ಬಾಬಾ ಬುಡನ್ ಅವರು ಯಮನ್‌ನಿಂದ ಏಳು ಬೀಜ ತಂದು ಚಿಕ್ಕಮಗಳೂರಿನ ಬೆಟ್ಟದಲ್ಲಿ ಬಿತ್ತಿದರೆಂದು ಪ್ರತೀತಿ. ಆ ಕಹಿ ಕಷಾಯವನ್ನು ಅಂದಿನವರು ಮೂಗು ಮುರಿದು ಬಿಟ್ಟುಬಿಟ್ಟಿದ್ದರೆ ನಮ್ಮ ಬೆಳಗಿನ ಲೋಟ ಇಂದು ಖಾಲಿ.

ಸೂರಾ ಅರ್‌ರಅದ್‌ನ 4ನೇ ಆಯತ್ ಒಂದೇ ನೀರು ಕುಡಿದು ಬೆಳೆಯುವ ತೋಟ, ಹೊಲ, ಖರ್ಜೂರಗಳ ರುಚಿ ಬೇರೆ ಬೇರೆಯಾಗಿರುವುದನ್ನು ತೋರಿಸಿ, ಅದರಲ್ಲಿ ಬುದ್ಧಿ ಬಳಸುವವರಿಗೆ ನಿದರ್ಶನಗಳಿವೆ ಎನ್ನುತ್ತದೆ. ರುಚಿಯ ಭೇದ ಅಲ್ಲಾಹನ ನಿದರ್ಶನವಾದರೆ ಅದನ್ನು ಕಂಡು ಮುಖ ಸಿಂಡರಿಸುವುದು ನಮಗೆ ಒಪ್ಪದು. ಮುಂದಿನ ಸಲ ಉಮ್ರಾಕ್ಕೋ ಕೆಲಸಕ್ಕೋ ಹೊರಟಾಗ ಉಪ್ಪಿನಕಾಯಿ ಡಬ್ಬಿ ಜೊತೆಗಿರಲಿ. ಅಲ್ಲಿಯ ಒಂದು ತುತ್ತನ್ನೂ ಬಿಸ್ಮಿಲ್ಲಾಹ್ ಹೇಳಿ ತಿನ್ನೋಣ. ಹಿಡಿಸದಿದ್ದರೆ ಸುಮ್ಮನೆ ಬಿಡೋಣ. ಮನೆಗೆ ಬಂದು ಮಕ್ಕಳಿಗೆ, ಅದು ಯಾವ ಮರದಲ್ಲಿ ಬಿಡುತ್ತದೆ, ಹೇಗೆ ಬೇಯಿಸುತ್ತಾರೆ ಎಂಬುದನ್ನು ಹೇಳೋಣ.