ಸೆಟ್ಲಮೆಂಟಿನ ಹಾಜರಿ

ನಮ್ಮ ಅಜ್ಜ ಯಾವ ಕೋರ್ಟಿನ ಕಟಕಟೆಯನ್ನೂ ಹತ್ತಿದವನಲ್ಲ. ಅವನ ಮೇಲೆ ಕಳ್ಳತನದ ಕೇಸಿರಲಿಲ್ಲ, ಸಾಕ್ಷಿ ಇರಲಿಲ್ಲ, ಇಷ್ಟು ವರ್ಷಕ್ಕೆ ಬಿಡುಗಡೆ ಎಂಬ ಗಡುವೂ ಇರಲಿಲ್ಲ. ಆದರೂ ಹರೆಯವನ್ನೆಲ್ಲ ಹುಬ್ಬಳ್ಳಿಯ ಸೆಟ್ಲಮೆಂಟಿನ ತಂತಿಬೇಲಿಯೊಳಗೆ ಕಳೆದ. ಕೊರವರ ಮನೆಯಲ್ಲಿ ಹುಟ್ಟಿದ್ದ, ಅಷ್ಟೇ ಕಾರಣ. ಜೈಲುಗಳ ಚರಿತ್ರೆ ಬರೆಯುವವರು ಹಿಂಡಲಗಾ, ಯರವಡಾ, ಅಂಡಮಾನ್ ಎಂದು ಕಲ್ಲುಗೋಡೆಯ ಜೈಲುಗಳನ್ನೇ ಬರೆಯುತ್ತಾರೆ. ಹೆಂಗಸರು, ಕೂಸುಗಳು, ಮುದುಕರ ಸಮೇತ ಇಡೀ ಕುಲಗಳನ್ನು ಕೂಡಿಹಾಕಿದ ಈ ಜೈಲಿನ ಕಥೆಯೂ ಅವುಗಳ ಪಕ್ಕದಲ್ಲಿ ಬರಬೇಕು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮವರು ಕುಲಮೂಲವನ್ನು ಕಲ್ಯಾಣದ ನುಲಿಯ ಚಂದಯ್ಯನಿಂದ ಹೇಳುತ್ತಾರೆ. ಹುಲ್ಲು ಕೊಯ್ದು ಹಗ್ಗ ಹೊಸೆದು ಕಾಯಕ ಮಾಡಿದ ಶರಣ ಅವನು. ಹಗ್ಗ, ಬುಟ್ಟಿ, ಬಾರಿಗೆ, ಹೆಂಗಸರು ಹಾಕುವ ಹಚ್ಚೆ, ಹೇಳುವ ಕಣಿ: ಇವು ಊರಿನವರಿಗೆ ಗೊತ್ತಿರುವ ಕಸುಬುಗಳು. ಮರೆತುಹೋದದ್ದು ಉಪ್ಪಿನ ವ್ಯಾಪಾರ. ಕರಾವಳಿಯ ಉಪ್ಪನ್ನು ಎತ್ತುಕತ್ತೆಗಳ ಮೇಲೆ ಹೇರಿಕೊಂಡು ಒಳನಾಡಿನ ಸಂತೆಗಳಿಗೆ ತರುವುದು, ಹಿಂದಿರುಗುವಾಗ ಕಾಳುಕಡಿ ಒಯ್ಯುವುದು. ಗಾಡಿ ಹೋಗದ ಊರುಗಳಿಗೂ ಕೊರವರ, ಲಂಬಾಣಿಗರ ಹೇರೆತ್ತುಗಳು ಹೋಗುತ್ತಿದ್ದವು. 1850ರ ನಂತರ ರೈಲು ಬಂತು. ಉಪ್ಪು ಸರಕಾರದ ಹಿಡಿತಕ್ಕೆ ಸಿಕ್ಕಿತು. 1876ರಿಂದ 78ರ ಬರದಲ್ಲಿ ದನಕರು ಸತ್ತವು. 1878ರ ಅರಣ್ಯ ಕಾಯ್ದೆಯ ನಂತರ ಬಿದಿರು ಕಡಿಯುವುದಕ್ಕೂ ಅಡ್ಡಿ. ಶತಮಾನಗಳಿಂದ ದಾರಿಯನ್ನೇ ಬದುಕಾಗಿಸಿಕೊಂಡವರು ಎರಡು ತಲೆಮಾರಿನೊಳಗೆ ಕೆಲಸವಿಲ್ಲದೆ ಅಲೆಯುವವರಾದರು. ಹೊಟ್ಟೆ ಹೊರೆಯಲು ಕೆಲವರು ಕದ್ದರು. ಅದನ್ನು ನಾನು ಮುಚ್ಚಿಡುವುದಿಲ್ಲ. ಕದ್ದವರಿಗೆ ಶಿಕ್ಷೆ ಕೊಡಲು ದಂಡಸಂಹಿತೆ ಆಗಲೇ ಇತ್ತು.

ಸರಕಾರಕ್ಕೆ ಅದು ಸಾಲಲಿಲ್ಲ. ಬಡಗಿಯ ಮಗ ಬಡಗಿ, ನೇಕಾರನ ಮಗ ನೇಕಾರನಾಗುವ ದೇಶದಲ್ಲಿ ಕಳ್ಳನ ಮಗ ಕಳ್ಳನೇ ಆಗುತ್ತಾನೆ ಎಂಬ ವಾದದ ಮೇಲೆ 1871ರಲ್ಲಿ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆ ಬಂತು. ಮೊದಲು ಉತ್ತರ ಹಿಂದೂಸ್ತಾನಕ್ಕೆ, 1911ರ ಹೊಸ ಕಾಯ್ದೆಯ ಮೂಲಕ ಮುಂಬಯಿ, ಮದ್ರಾಸ್ ಪ್ರಾಂತ್ಯಗಳಿಗೂ. ಒಂದು ಜಾತಿಯನ್ನು ಸರಕಾರ ಅಧಿಸೂಚಿಸಿದರೆ ಸಾಕು, ಆ ಅಧಿಸೂಚನೆಯೇ ರುಜುವಾತು. ಅದನ್ನು ಪ್ರಶ್ನಿಸುವ ಅಧಿಕಾರ ಯಾವ ನ್ಯಾಯಾಲಯಕ್ಕೂ ಇಲ್ಲವೆಂದು ಕಾಯ್ದೆಯೇ ಬರೆದಿತ್ತು. ನನ್ನನ್ನು ಇಡೀ ಕಥೆಯಲ್ಲಿ ಹೆಚ್ಚು ಬೆಚ್ಚಿಬೀಳಿಸುವುದು ಈ ಒಂದು ಕಲಮು. ಕೊಲೆಗಾರನಿಗೂ ವಕೀಲನಿರುತ್ತಾನೆ. ನಮ್ಮ ಅಜ್ಜನಿಗೆ ವಾದಿಸಲು ಜಾಗವೇ ಇರಲಿಲ್ಲ. 1897ರ ತಿದ್ದುಪಡಿ 4ರಿಂದ 18 ವರ್ಷದ ಮಕ್ಕಳನ್ನು ಹೆತ್ತವರಿಂದ ಬಿಡಿಸಿ ಬೇರೆ ಇಡಲು ಅವಕಾಶ ಕೊಟ್ಟಿತು.

ಈ ಕಾಯ್ದೆಯಡಿ ಕುಲಗಳನ್ನು ಕೂಡಿಹಾಕುವ ಸೆಟ್ಲಮೆಂಟುಗಳಿಗೆ ಮುಂಬಯಿ ಕರ್ನಾಟಕದಲ್ಲಿ ರೂಪ ಕೊಟ್ಟವನು ಒ.ಎಚ್.ಬಿ. ಸ್ಟಾರ್ಟ್ ಎಂಬ ಐಸಿಎಸ್ ಅಧಿಕಾರಿ. ಬಿಜಾಪುರದಲ್ಲಿ ಶುರುವಾದದ್ದು ಗದಗ, ಹುಬ್ಬಳ್ಳಿ, ಸೊಲ್ಲಾಪುರಕ್ಕೂ ಹಬ್ಬಿತು. ಕೊರವರ ಜೊತೆಗೆ ಗಂಟಿಚೋರರು, ಹರಣಶಿಕಾರಿಗಳು, ಛಪ್ಪರಬಂದರು ಎಂಬ ಕುಲಗಳವರನ್ನೂ ಅಲ್ಲಿ ಕೂಡಿಹಾಕಿದರು. ದುಷ್ಟನೆಂದು ಸ್ಟಾರ್ಟನನ್ನು ಕರೆಯಲು ನನಗೆ ಮನಸ್ಸಿಲ್ಲ. ದಲಿತರ ಸ್ಥಿತಿಗತಿ ತಿಳಿಯಲು ಮುಂಬಯಿ ಸರಕಾರ 1928ರಲ್ಲಿ ನೇಮಿಸಿದ, ಅಂಬೇಡ್ಕರರು ಸದಸ್ಯರಾಗಿದ್ದ ಸಮಿತಿಗೆ ಅವನೇ ಅಧ್ಯಕ್ಷ. ಸೆಟ್ಲಮೆಂಟಿನಲ್ಲಿ ಶಾಲೆ ಇಟ್ಟ, ಕೆಲಸ ಕೊಡಿಸಿದ. ಆದರೆ ಒಲ್ಲೆ ಎನ್ನುವ ಹಕ್ಕಿಲ್ಲದವನಿಗೆ ಕೊಟ್ಟ ಕೆಲಸವನ್ನು ಉಪಕಾರ ಎಂದು ನಾನು ಒಪ್ಪಲಾರೆ. ಸೆಟ್ಲಮೆಂಟುಗಳು ಹತ್ತಿಗಿರಣಿ, ರೈಲ್ವೆ ಕೆಲಸ ಇದ್ದ ಊರುಗಳ ಸಮೀಪದಲ್ಲೇ ಎದ್ದದ್ದು ಆಕಸ್ಮಿಕವಲ್ಲ. ಬಿಟ್ಟುಹೋಗಲಾರದ ಆಳು ಯಾವ ಗಿರಣಿ ಮಾಲೀಕನಿಗೆ ಬೇಡ?

ನಮ್ಮ ಆಯಿ ಇದನ್ನೆಲ್ಲ ಎರಡೇ ಮಾತಿನಲ್ಲಿ ಹೇಳುತ್ತಿದ್ದಳು: ಹಾಜರಿ ಮತ್ತು ಪಾಸು. ಸಂಜೆ ಗಿರಣಿಯಿಂದ ಬಂದವರು ಉಂಡರೋ ಬಿಟ್ಟರೋ, ಹೆಸರು ಕೂಗಿದಾಗ ಸಾಲಿನಲ್ಲಿ ನಿಂತು ‘ಹಾಜರ್’ ಅನ್ನಬೇಕು. “ಜ್ವರಾ ಬಂದಿದ್ರೂ ಕಂಬಳಿ ಹೊದ್ದು ನಿಂದರಬೇಕಾಗಿತ್ತು ತಂಗಿ. ಬಾಣಂತಿ ಇದ್ರ ಅವರೇ ಬಂದು ಮಾರಿ ನೋಡಿ ಹೋಗತಿದ್ರು” ಎನ್ನುತ್ತಿದ್ದಳು. ಇನ್ನೊಂದು ಊರಿಗೆ ಹೋಗಬೇಕಾದರೆ ಪಾಸು. ಅದರಲ್ಲಿ ಹೋಗುವ ಊರು, ಮರಳುವ ದಿನ ಬರೆದಿರುತ್ತಿತ್ತು. ಮುಟ್ಟಿದ ಊರಿನ ಪಾಟೀಲನ ಸಹಿ ಬೇಕು. ಆಯಿಯ ಅವ್ವ ಗದಗದ ಸೆಟ್ಲಮೆಂಟಿನಲ್ಲಿ ಸತ್ತಾಗ ಪಾಸು ಕೈಗೆ ಬರುವಷ್ಟರಲ್ಲಿ ಮಣ್ಣಾಗಿತ್ತು. ಹುಬ್ಬಳ್ಳಿಯಿಂದ ಗದಗ ಎಷ್ಟು ದೂರ ಎಂಬುದು ಇದನ್ನು ಓದುವವರಿಗೆ ಗೊತ್ತು. ಆಯಿ ಆ ವಿಷಯ ಎತ್ತಿದಾಗ ಅಳುತ್ತಿರಲಿಲ್ಲ, ಬಾಯ್ತುಂಬ ಶಾಪ ಹಾಕುತ್ತಿದ್ದಳು. ಸೆಟ್ಲಮೆಂಟಿನಲ್ಲಿ ಒತ್ತಿಸಿಕೊಳ್ಳುತ್ತಿದ್ದ ಹೆಬ್ಬೆಟ್ಟಿನ ಗುರುತಿನ ಬಗ್ಗೆಯೂ ಅವಳಿಗೆ ಅಷ್ಟೇ ಸಿಟ್ಟು. ಮುಂದೆ ರೇಷನ್ ಅಂಗಡಿಯಲ್ಲಿ ಹೆಬ್ಬೆಟ್ಟು ಒತ್ತು ಎಂದಾಗಲೂ ಒತ್ತಲಿಲ್ಲ. ನನ್ನ ಪಾಟಿಯ ಮೇಲೆ ತನ್ನ ಹೆಸರು ಬರೆಯುವುದನ್ನು ಕಲಿತಳು.

1936ರಲ್ಲಿ ನೆಲ್ಲೂರಿನಲ್ಲಿ ನೆಹರೂ ಈ ಕಾಯ್ದೆಯನ್ನು ಖಂಡಿಸಿದ್ದರು. ಆದರೂ ದೇಶಕ್ಕೆ ಸ್ವಾತಂತ್ರ್ಯ ಬಂದು ಐದು ವರ್ಷವಾದ ಮೇಲಷ್ಟೇ, 1952ರ ಆಗಸ್ಟ್ 31ಕ್ಕೆ, ಅದು ದೇಶದಾದ್ಯಂತ ರದ್ದಾಯಿತು. ನಮ್ಮವರಿಗೆ ಆಗಸ್ಟ್ 15ರಷ್ಟೇ ದೊಡ್ಡ ದಿನ ಅದು, ವಿಮುಕ್ತ ದಿನ. ಆದರೆ ರಾಜ್ಯಗಳು ಒಂದೊಂದಾಗಿ ರೂಢಿಗತ ಅಪರಾಧಿಗಳ ಕಾಯ್ದೆ ತಂದವು. ನಮ್ಮ ರಾಜ್ಯದ್ದು 1961ರದು. ಹೊಸ ಕಾಯ್ದೆಯಲ್ಲಿ ಜಾತಿಯ ಹೆಸರಿರಲಿಲ್ಲ, ಪದೇ ಪದೇ ಶಿಕ್ಷೆಯಾದ ವ್ಯಕ್ತಿಯ ಮೇಲೆ ಅದರ ಕಣ್ಣು. ಅದು ಕಾಗದದ ಮೇಲಿನ ಮಾತು. ಊರಲ್ಲಿ ಕಳವಾದಾಗ ಪೊಲೀಸರು ಮೊದಲು ಬರುತ್ತಿದ್ದದ್ದು ನಮ್ಮ ಓಣಿಗೇ. ನಮ್ಮ ಕಾಕಾನನ್ನು ಹೀಗೇ ಎತ್ತಿಕೊಂಡು ಹೋಗಿದ್ದರು. ಕೇಸು ಹಾಕಲಿಲ್ಲ, ಕಾರಣ ಹೇಳಲಿಲ್ಲ. ಬಿಟ್ಟು ಕಳಿಸಿದ ಮೇಲೆ ಅವನು ಬಹಳ ದಿನ ಹಮಾಲಿಗೆ ಹೋಗಲಾಗಲಿಲ್ಲ, ಚೀಲ ಹೊರುವ ಹೆಗಲನ್ನೇ ಮುರಿದಿದ್ದರು.

ಜೈಲಿನ ಒಳಗೂ ಇದೇ ಲೆಕ್ಕ. ಬಂದಿಗಳಿಗೆ ಜಾತಿ ನೋಡಿ ಕೆಲಸ ಹಂಚುವ ನಿಯಮಗಳು ಸಂವಿಧಾನ ಬಂದು ಎಪ್ಪತ್ತು ವರ್ಷ ದಾಟಿದರೂ ಹಲವು ರಾಜ್ಯಗಳ ಕೈಪಿಡಿಗಳಲ್ಲಿದ್ದವು. ಕೆಲವರಿಗೆ ಅಡಿಗೆ, ಕೆಲವರಿಗೆ ಕಕ್ಕಸು. ಅಲೆಮಾರಿ ಕುಲದವನಾದರೆ ಓಡಿಹೋಗುವುದು ಅವನ ಹುಟ್ಟುಗುಣ ಎಂಬ ಶಂಕೆಯೂ ಅಚ್ಚಾಗಿತ್ತು. ಪತ್ರಕರ್ತೆ ಸುಕನ್ಯಾ ಶಾಂತಾ ಇದನ್ನು ಸುಪ್ರೀಂ ಕೋರ್ಟಿಗೆ ಒಯ್ದರು. 2024ರ ಅಕ್ಟೋಬರ್ 3ರಂದು ಕೋರ್ಟು ಆ ನಿಯಮಗಳನ್ನು ಅಸಾಂವಿಧಾನಿಕ ಎಂದಿತು. ಜೈಲಿನ ರಿಜಿಸ್ಟರುಗಳಲ್ಲಿ ಜಾತಿಯ ಕಾಲಂ ಅಳಿಸಲು ಹೇಳಿತು. ವಿಮುಕ್ತ ಬುಡಕಟ್ಟುಗಳವರನ್ನು ಮನಸ್ಸಿಗೆ ಬಂದಂತೆ ಬಂಧಿಸಬಾರದೆಂದು ಪೊಲೀಸರಿಗೆ ಸೂಚಿಸಿತು.

ನನ್ನ ತಮ್ಮನ ಮಗ ವಕೀಲಿ ಓದುತ್ತಿದ್ದಾನೆ. ಆ ತೀರ್ಪನ್ನು ಅವನು ಭಾನುವಾರಗಳಲ್ಲಿ ನಮ್ಮ ಗುಡಿಕಟ್ಟೆಯ ಮೇಲೆ ಕೂತು ಕನ್ನಡದಲ್ಲಿ ಬಿಡಿಸಿ ಹೇಳುತ್ತಾನೆ. ಠಾಣೆಗೆ ಕರೆದರೆ ಲಿಖಿತ ನೋಟಿಸು ಕೇಳುವುದು ಹೇಗೆ, ಹಿಡಿದರೆ ಇಪ್ಪತ್ನಾಲ್ಕು ತಾಸಿನೊಳಗೆ ಮ್ಯಾಜಿಸ್ಟ್ರೇಟರ ಮುಂದೆ ನಿಲ್ಲಿಸಬೇಕೆಂದು ಪಟ್ಟು ಹಿಡಿಯುವುದು ಹೇಗೆ, ಮನೆಯವರಿಗೆ ತಿಳಿಸಿರೆಂದು ಯಾರಿಗೆ ಹೇಳುವುದು. ಹುಡುಗರಿಗಿಂತ ಹೆಂಗಸರೇ ಹೆಚ್ಚು ಬರುತ್ತಾರೆ, ಪ್ರಶ್ನೆಗಳನ್ನೂ ಅವರೇ ಕೇಳುತ್ತಾರೆ.